ಬ್ರಿಟನ್ನಿನಲ್ಲಿ ಯಾವ ರೇಡಿಯೊ ಹಚ್ಚಬೇಕು? ಕೇಳುಗರ ಕುಲಗೋತ್ರ ಸಹಿತ

ಎಂಒಟಿಗೆ, ಅಂದರೆ ಕಾರಿನ ವಾರ್ಷಿಕ ತಪಾಸಣೆಗೆ, ಬಿಟ್ಟ ಕಾರು ಗ್ಯಾರೇಜಿನಿಂದ ವಾಪಸ್ ಬಂದಾಗ ನಾನು ಮೊದಲು ಪರೀಕ್ಷಿಸುವುದು ಬ್ರೇಕನ್ನಲ್ಲ, ರೇಡಿಯೊವನ್ನು. ಬೆಳಿಗ್ಗೆ ಕೀಲಿಕೈ ಕೊಟ್ಟು ಬರುವಾಗ ಅದರಲ್ಲಿ ಬಿಬಿಸಿಯ ಮಾತುಕತೆಯ ಸ್ಟೇಷನ್ ರೇಡಿಯೊ 4 ಇರುತ್ತದೆ. ಸಂಜೆ ಹೋಗಿ ಸ್ಟಾರ್ಟ್ ಮಾಡಿದರೆ ಟಾಕ್‌ಸ್ಪೋರ್ಟ್. ಇಬ್ಬರು ಗಂಡಸರು ಆರ್ಸೆನಲ್ ತಂಡದ ಡಿಫೆನ್ಸ್ ಬಗ್ಗೆ, ಅಣ್ಣತಮ್ಮಂದಿರು ಗದ್ದೆ ಬದುವಿಗೆ ಹೊಡೆದಾಡುವ ಧಾಟಿಯಲ್ಲಿ ಕೂಗಾಡುತ್ತಿರುತ್ತಾರೆ. ವಾಲ್ಯೂಮ್ ಎರಡು ಪಟ್ಟು. ಸೀಟು ಅರ್ಧ ಅಡಿ ಹಿಂದೆ.

ಈ ದೇಶಕ್ಕೆ ಬಂದ ಹೊಸತರಲ್ಲಿ ಒಮ್ಮೆ ಆ ಮೆಕ್ಯಾನಿಕ್ ಬಿಲ್ ಬರೆಯುತ್ತಾ, ತಲೆ ಎತ್ತದೆ, “ಮೇಷ್ಟ್ರಾ ನೀವು?” ಅಂತ ಕೇಳಿದ. ಅಲ್ಲ ಎಂದೆ. ಯಾಕೆ ಹಾಗಂದುಕೊಂಡೆ ಅಂದಾಗ ಗಲ್ಲದಲ್ಲೇ ಕಾರಿನ ಕಡೆ ತೋರಿಸಿದ. “ರೇಡಿಯೊ 4 ಇತ್ತಲ್ಲ.”

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಎರಡೇ ನಿಮಿಷದಲ್ಲಿ ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಸಂಬಳ ಎಷ್ಟು ಎಲ್ಲ ತಿಳಿದುಕೊಂಡು, ಕೊನೆಗೆ ಒಂದು ಸಂಬಂಧವನ್ನೂ ಹೇಳಿ ಇಳಿದುಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಹಾಗೆಲ್ಲ ಕೇಳುವಂತಿಲ್ಲ. ವಯಸ್ಸು ಕೇಳಬಾರದು, ವೋಟು ಯಾರಿಗೆ ಅಂತ ಕೇಳಬಾರದು, ಸಂಬಳದ ಮಾತಂತೂ ಎತ್ತಲೇಬಾರದು. ಹಾಗಂತ ತಿಳಿಯುವ ಚಪಲ ಇವರಿಗೆ ಕಡಿಮೆ ಏನಿಲ್ಲ. ಅದಕ್ಕೆ ಕಂಡುಕೊಂಡ ಅಡ್ಡದಾರಿ ರೇಡಿಯೊ. ಅಡುಗೆಮನೆಯಲ್ಲಿ ಯಾವ ಸ್ಟೇಷನ್ ಹಾಡುತ್ತಿದೆ ಎಂದು ಕಿವಿಗೆ ಬಿದ್ದರೆ ಸಾಕು, ಮಿಕ್ಕ ಜಾತಕ ಅವರೇ ಬರೆದುಕೊಳ್ಳುತ್ತಾರೆ. ಆದ್ದರಿಂದ ಹೊಸದಾಗಿ ಬಂದವರು ಸ್ಟೇಷನ್ ಆರಿಸುವಾಗ ಎರಡು ಲೆಕ್ಕ ಹಾಕಬೇಕು: ಅದರಲ್ಲಿ ಏನು ಬರುತ್ತದೆ ಅನ್ನುವುದು ಒಂದು, ಅದನ್ನು ಹಚ್ಚಿದರೆ ಜನ ನಿಮ್ಮನ್ನು ಏನೆಂದುಕೊಳ್ಳುತ್ತಾರೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಬಿಬಿಸಿಯವರ ಆ್ಯಪ್ ಹೇಳುತ್ತದೆ. ಎರಡನೆಯದಕ್ಕೆ ಈ ಬರಹ.

ಖರ್ಚಿನ ಚಿಂತೆ ಬೇಡ. ನಮ್ಮಲ್ಲಿ ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೊ ಲೈಸೆನ್ಸ್ ಕಟ್ಟುತ್ತಿದ್ದ ಹಾಗೆ ಇಲ್ಲೂ ಕಟ್ಟುತ್ತಿದ್ದರು, 1971ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಟಿವಿ ಲೈಸೆನ್ಸ್ ಮಾತ್ರ. ಬರೀ ರೇಡಿಯೊ ಕೇಳುವವರು ಚಿಕ್ಕಾಸೂ ಕೊಡಬೇಕಿಲ್ಲ.

ಮೊದಲು ಬೀದಿಯ ನಕ್ಷೆ

ಎಫ್‌ಎಂ ಮುಳ್ಳನ್ನು ಎಡದಿಂದ ಬಲಕ್ಕೆ ತಿರುಗಿಸುತ್ತಾ ಹೋದರೆ ಒಂದು ಊರಿನ ಬೀದಿಗಳಲ್ಲಿ ನಡೆದಂತೆ. 88ರಿಂದ ರೇಡಿಯೊ 2ರ ಓಣಿ. 90 ದಾಟಿದರೆ ರೇಡಿಯೊ 3, ಜನ ಕಡಿಮೆ, ಮರ ಜಾಸ್ತಿ. 92ರಿಂದ 94ರವರೆಗೆ ರೇಡಿಯೊ 4ರ ಅಗ್ರಹಾರ. 97ರಿಂದ 99ಕ್ಕೆ ರೇಡಿಯೊ 1ರ ಹುಡುಗರ ಹಾಸ್ಟೆಲ್. ನೂರು ದಾಟಿದ ಮೇಲೆ ಕ್ಲಾಸಿಕ್ ಎಫ್‌ಎಂ, ಹೊಸ ಬಡಾವಣೆ. ಸಂದುಗೊಂದುಗಳಲ್ಲಿ ಊರೂರಿನ ಖಾಸಗಿ ಸ್ಟೇಷನ್ನುಗಳು.

ಒಂದು, ಎರಡು, ಮೂರು, ನಾಲ್ಕು ಎಂಬ ಹೆಸರು ಇಟ್ಟದ್ದು 1967ರ ಸೆಪ್ಟೆಂಬರ್ 30ರಂದು. ಅದಕ್ಕೆ ಮುಂಚೆ ಹೋಮ್ ಸರ್ವಿಸ್, ಲೈಟ್ ಪ್ರೋಗ್ರಾಂ, ಥರ್ಡ್ ಪ್ರೋಗ್ರಾಂ ಅಂತ ಇದ್ದವು. ಹುಡುಗರ ಪಾಪ್ ಹಾಡಿಗೆ ಬಿಬಿಸಿಯಲ್ಲಿ ಸರಿಯಾದ ಜಾಗವೇ ಇರಲಿಲ್ಲ. ಅವರು ರೇಡಿಯೊ ಕ್ಯಾರೊಲಿನ್ ಥರದ, ಸಮುದ್ರದಲ್ಲಿ ಹಡಗು ನಿಲ್ಲಿಸಿಕೊಂಡು ಹಾಡು ಹಾಕುತ್ತಿದ್ದ ಕಳ್ಳ ಸ್ಟೇಷನ್ನುಗಳ ಪಾಲಾಗಿದ್ದರು. ಸರ್ಕಾರ ಆ ವರ್ಷ ಆಗಸ್ಟಿನಲ್ಲಿ ಹಡಗಿನವರ ಮೇಲೆ ಕಾನೂನು ತಂದಿತು. ಸೆಪ್ಟೆಂಬರಿನಲ್ಲಿ ಬಿಬಿಸಿ ಹಡಗಿನಲ್ಲಿದ್ದ ಡಿಜೆಗಳನ್ನೇ ಕರೆದು ಕೂರಿಸಿಕೊಂಡು ರೇಡಿಯೊ 1 ಶುರು ಮಾಡಿತು. ಅವತ್ತು ಮೊದಲು ಮಾತಾಡಿದ ಟೋನಿ ಬ್ಲ್ಯಾಕ್‌ಬರ್ನ್ ಕೂಡ ಹಡಗಿನಿಂದ ಬಂದವರೇ. ಆಮೇಲೆ ಅವರು ರೇಡಿಯೊ 2ರಲ್ಲಿ ಅರವತ್ತರ ದಶಕದ ಹಾಡು ಹಾಕುತ್ತಾ ಕೂತರು. ಕೇಳುಗರದೂ ಇದೇ ಪ್ರಯಾಣ.

ಇದನ್ನು ನಮ್ಮ ಆಶ್ರಮಗಳ ಲೆಕ್ಕದಲ್ಲಿ ಇಟ್ಟರೆ ಬೇಗ ತಲೆಗೆ ಹೋಗುತ್ತದೆ. ರೇಡಿಯೊ 1 ಬ್ರಹ್ಮಚರ್ಯ, ರೇಡಿಯೊ 2 ಗೃಹಸ್ಥ, ರೇಡಿಯೊ 3 ವಾನಪ್ರಸ್ಥ. ನಾಲ್ಕನೆಯದಕ್ಕೆ ಬಂದಾಗ ಮಾತ್ರ ಲೆಕ್ಕ ಕೈಕೊಡುತ್ತದೆ. ರೇಡಿಯೊ 4 ಕೇಳುವವರು ಲೋಕದ ಯಾವ ವಿಷಯವನ್ನೂ ಬಿಟ್ಟವರಲ್ಲ.

ರೇಡಿಯೊ 4 ಮತ್ತು ಎಲ್‌ಬಿಸಿ: ಜಗಳ ಯಾರೊಂದಿಗೆ?

ರೇಡಿಯೊ 4ರ ಕೇಳುಗ ಅಂದರೆ ಜನರ ಕಣ್ಣೆದುರು ಬರುವ ಚಿತ್ರ: ಐವತ್ತೈದರ ಆಸುಪಾಸು, ಹಳೇ ವೋಲ್ವೊ ಕಾರು, ಹಿಂದಿನ ಸೀಟಿನಲ್ಲಿ ಒದ್ದೆ ನಾಯಿ, ಕೈಯಲ್ಲಿ ಯಾವುದೋ ಪುಸ್ತಕದಂಗಡಿಯ ಹೆಸರಿರುವ ಬಟ್ಟೆ ಚೀಲ. ಯಾರಾದರೂ ವ್ಯಾಕರಣ ತಪ್ಪಿ ಮಾತಾಡಿದರೆ ಹಲ್ಲುನೋವು ಬಂದವರ ಹಾಗೆ ಮುಖ ಮಾಡುತ್ತಾರೆ. ನಮ್ಮ ಪಕ್ಕದ ಮನೆಯ ನಿವೃತ್ತ ಲೈಬ್ರರಿಯನ್ ಅಜ್ಜಿಯನ್ನು ನೋಡಿದ ಮೇಲೆ ಈ ಚಿತ್ರ ಪೂರ್ತಿ ಸುಳ್ಳಲ್ಲ ಎಂದು ನನಗೆ ಖಾತ್ರಿಯಾಗಿದೆ. ಬೆಳಿಗ್ಗೆ ಎಂಟೂ ಹತ್ತಕ್ಕೆ ‘ಟುಡೇ’ ಕಾರ್ಯಕ್ರಮದ ದೊಡ್ಡ ಸಂದರ್ಶನ. ಸಾಮಾನ್ಯವಾಗಿ ಒಬ್ಬ ಮಂತ್ರಿ ಸಿಕ್ಕಿಬಿದ್ದಿರುತ್ತಾರೆ. ಎಂಟೂ ಹನ್ನೊಂದಕ್ಕೆ ಬೇಲಿಯಾಚೆಯಿಂದ ಅಜ್ಜಿಯ ದನಿ: “ಅವರು ಕೇಳಿದ್ದು ಅದಲ್ಲ ಕಣಯ್ಯಾ!” ಜೊತೆಗೆ ಸಿಂಕಿಗೆ ಚಮಚ ಬಿದ್ದ ಸದ್ದು. ಸಂಜೆ ತೋಟದಲ್ಲಿ ಸಿಕ್ಕಾಗ ಅವರಷ್ಟು ಮೆದುಮಾತಿನವರು ಇಡೀ ಬೀದಿಯಲ್ಲಿ ಇಲ್ಲ.

ರೇಡಿಯೊ 4ನ್ನು ಪ್ರೀತಿಸುವುದು ಅಂದರೆ ಅದನ್ನು ಬೈಯುವುದು. ಹಾಗೆ ಬೈಯಲಿಕ್ಕೆಂದೇ ಅದರಲ್ಲಿ ‘ಫೀಡ್‌ಬ್ಯಾಕ್’ ಅನ್ನುವ ಕಾರ್ಯಕ್ರಮ ಇದೆ, ದಶಕಗಳಿಂದ ನಡೆದುಬಂದಿದೆ. ಮುಂಜಾನೆಯ ಸ್ವರಗುಚ್ಛವೊಂದನ್ನು 2006ರಲ್ಲಿ ನಿಲ್ಲಿಸಿದಾಗ ಅದರ ಪರವಾಗಿ ಪಾರ್ಲಿಮೆಂಟಿನಲ್ಲೂ ದನಿ ಎದ್ದಿತು. ಗಂಟೆ ಬಾರಿಸುವ ಆರು ‘ಪಿಪ್’ ಸದ್ದುಗಳ ವಿಷಯದಲ್ಲೂ ಅಷ್ಟೇ ಭಕ್ತಿ. ಅವು 1924ರಿಂದ ಕೇಳಿಬರುತ್ತಿವೆ, ಕೊನೆಯದು ಸ್ವಲ್ಪ ಉದ್ದ. ಅದರ ಮೇಲೆ ಯಾರಾದರೂ ಮಾತಾಡಿಬಿಟ್ಟರೆ ಮಂಗಳಾರತಿ ಹೊತ್ತಿಗೆ ಮೊಬೈಲ್ ಹೊಡೆದುಕೊಂಡಷ್ಟು ಅಪಚಾರ. ಬ್ರಿಟನ್ನಿನ ಅಣ್ವಸ್ತ್ರ ಹೊತ್ತ ಸಬ್‌ಮರೀನಿನ ಕಮಾಂಡರ್, ದೇಶ ಇನ್ನೂ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಮಾಡುವ ಪರೀಕ್ಷೆಗಳಲ್ಲಿ ರೇಡಿಯೊ 4 ಬರುತ್ತಿದೆಯೇ ಎಂದು ನೋಡುವುದೂ ಒಂದು, ಎಂದು ಇತಿಹಾಸಕಾರ ಪೀಟರ್ ಹೆನೆಸ್ಸಿ ಹೇಳಿದ್ದಾರೆ. ಪಕ್ಕದ ಮನೆ ಅಜ್ಜಿಗೆ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮತ್ತೆ ಹೇಗೆ ತಿಳಿದುಕೊಳ್ಳಬೇಕು ಅಂದರು.

ಆಕಾಶವಾಣಿ ಕೇಳಿ ಬೆಳೆದವರಿಗೆ ಈ ಸ್ಟೇಷನ್ ಬೇಗ ಒಗ್ಗುತ್ತದೆ. ಬೆಳಗಿನ ‘ಥಾಟ್ ಫಾರ್ ದ ಡೇ’ ಅಂದರೆ ನಮ್ಮ ‘ಚಿಂತನ’. ಅದೇ ಗಾತ್ರ, ಅದೇ ಹೊತ್ತು, ಕೇಳುಗರು ಅಷ್ಟರಲ್ಲಿ ಟವೆಲ್ ಹುಡುಕಲು ಹೋಗುವುದೂ ಅದೇ. ಸಂಜೆ ಏಳು ಕಳೆದ ಮೇಲೆ ಬರುವ ‘ದಿ ಆರ್ಚರ್ಸ್’ ಅಂದರೆ ಕೃಷಿರಂಗಕ್ಕೆ ಧಾರಾವಾಹಿಯನ್ನು ಗಂಟು ಹಾಕಿದ ಹಾಗೆ. ಹೋಲಿಕೆ ಬಲವಂತದ್ದಲ್ಲ. ಯುದ್ಧ ಮುಗಿದರೂ ರೇಷನ್ ಮುಗಿದಿರಲಿಲ್ಲ. ಹೆಚ್ಚು ಬೆಳೆಯುವುದು ಹೇಗೆಂದು ರೈತರಿಗೆ ಕಥೆಯ ಮೂಲಕ ಹೇಳೋಣ ಎಂದು ಕೃಷಿ ಇಲಾಖೆಯ ಸಲಹೆ ಪಡೆದೇ 1951ರಲ್ಲಿ ಅದನ್ನು ದೇಶಕ್ಕೆಲ್ಲ ಬಿಟ್ಟರು. ಆಂಬ್ರಿಜ್ ಎಂಬ ಊರು ಭೂಪಟದಲ್ಲಿಲ್ಲ, ಬೋರ್ಸೆಟ್‌ಶೈರ್ ಎಂಬ ಜಿಲ್ಲೆಯೂ ಇಲ್ಲ. 1955ರ ಸೆಪ್ಟೆಂಬರಿನಲ್ಲಿ, ಐಟಿವಿ ಶುರುವಾದ ರಾತ್ರಿಯೇ, ಗ್ರೇಸ್ ಆರ್ಚರ್ ಎಂಬ ಪಾತ್ರವನ್ನು ಬೆಂಕಿಯಲ್ಲಿ ಸಾಯಿಸಿದರು. ಮರುದಿನದ ಪತ್ರಿಕೆಗಳಲ್ಲಿ ಹೊಸ ಟಿವಿ ಚಾನೆಲ್ ಜೊತೆ ಗ್ರೇಸಳ ಸಾವೂ ಜಾಗ ಹಿಡಿಯಿತು.

ಈ ಕೇಳುಗರಲ್ಲಿ ಎರಡು ಪಂಗಡ. ಆರ್ಚರ್ಸ್ ಕೇಳುವವರು, ಮತ್ತು ಅದರ ಶೀರ್ಷಿಕೆ ಸಂಗೀತ ಟುಂ ಟಿ ಟುಂ ಅಂತ ಶುರುವಾಗುತ್ತಲೇ ಹಿಟ್ಟಿನ ಕೈಯಲ್ಲೇ ಓಡಿಬಂದು ರೇಡಿಯೊ ಆರಿಸುವವರು. ಎರಡನೇ ಪಂಗಡದವರನ್ನು ಸ್ವಲ್ಪ ಕೆದಕಿ ನೋಡಿ, ಕಥೆಯೆಲ್ಲ ಅವರಿಗೂ ಗೊತ್ತಿರುತ್ತದೆ. ನಗುವಾಗ ಒಂದು ಮಾತು ನೆನಪಿಟ್ಟುಕೊಳ್ಳಬೇಕು. 2016ರಲ್ಲಿ ಹೆಲೆನ್ ಎಂಬ ಪಾತ್ರ ಗಂಡನ ಕಿರುಕುಳ ಅನುಭವಿಸುವ ಕಥೆ ಬಂದಾಗ, ಈ ಕೇಳುಗರೇ ಸೇರಿ ನಿಜವಾದ ಸಂತ್ರಸ್ತ ಹೆಂಗಸರಿಗಾಗಿ ಒಂದು ಲಕ್ಷ ಪೌಂಡಿಗೂ ಹೆಚ್ಚು ದುಡ್ಡು ಎತ್ತಿದರು.

ಎಲ್‌ಬಿಸಿ ಇದಕ್ಕೆ ಉಲ್ಟಾ. 1973ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಶುರುವಾದ ಇದು ದೇಶದ ಮೊದಲ ಅಧಿಕೃತ ಖಾಸಗಿ ರೇಡಿಯೊ. ಇಲ್ಲಿ ಕೇಳುಗ ಸಿಂಕಿನ ಮುಂದೆ ನಿಂತು ಬೈಯುವುದಿಲ್ಲ, ಫೋನ್ ಎತ್ತಿಕೊಂಡು ನೇರ ಬೈಯುತ್ತಾನೆ. ಜನರ ಕಲ್ಪನೆಯಲ್ಲಿ ಅವನು ಕಪ್ಪು ಟ್ಯಾಕ್ಸಿಯ ಡ್ರೈವರ್. ಬ್ಲ್ಯಾಕ್‌ಫ್ರಯರ್ಸ್ ಸೇತುವೆ ದಾಟುವಷ್ಟರಲ್ಲಿ ಬ್ರೆಕ್ಸಿಟ್, ಸೈಕಲ್ ಲೇನು, ಲಂಡನ್ ಮೇಯರ್ ಮೂರನ್ನೂ ಮುಗಿಸಿರುತ್ತಾನೆ. ನನ್ನ ತೀರ್ಪು: ಇಂಗ್ಲಿಷರು ಒಳಗೊಳಗೇ ಏನು ಯೋಚಿಸುತ್ತಾರೆ ಎಂದು ಬೇಗ ತಿಳಿಯಬೇಕಾದರೆ ಒಂದು ವಾರ ಎಲ್‌ಬಿಸಿ ಕೇಳಿ. ಅದನ್ನೇ ಆಡದೆ ಇರುವುದು ಹೇಗೆ ಎಂದು ಕಲಿಯಲು ಆಮೇಲೆ ರೇಡಿಯೊ 4ಕ್ಕೆ ಬನ್ನಿ.

ರೇಡಿಯೊ 3 ಮತ್ತು ಕ್ಲಾಸಿಕ್ ಎಫ್‌ಎಂ: ಪಲ್ಲವಿಯೋ ತುಕ್ಕಡವೋ?

ರಾಮನವಮಿ ಕಚೇರಿಗೆ ಹೋದವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ರಾಗ, ತಾನ, ಪಲ್ಲವಿ ಮುಗಿಯುವ ತನಕ ಕಣ್ಣು ಮುಚ್ಚಿ ಕೂತು, ತನಿ ಆವರ್ತನಕ್ಕೆ ಎದ್ದುಹೋಗುವವರನ್ನು ತಿರುಗಿ ದುರುಗುಟ್ಟಿ ನೋಡುವವರು ಒಂದು ಪಂಗಡ. ಕೊನೆಯಲ್ಲಿ ಬರುವ ದೇವರನಾಮಕ್ಕೆ ಸರಿಯಾಗಿ ಬಂದು ಕೋಸಂಬರಿ ತಿಂದು ಹೋಗುವವರು ಇನ್ನೊಂದು. ಮೊದಲಿನವರು ರೇಡಿಯೊ 3, ಎರಡನೆಯವರು ಕ್ಲಾಸಿಕ್ ಎಫ್‌ಎಂ. ರೇಡಿಯೊ 3 ಇಡೀ ಸಿಂಫನಿ ಹಾಕುತ್ತದೆ, ಮುಂಚೆ ಹತ್ತು ನಿಮಿಷ ಅದರ ಚರಿತ್ರೆ ಹೇಳುತ್ತದೆ, ಬೇಸಿಗೆಯಲ್ಲಿ ಆಲ್ಬರ್ಟ್ ಹಾಲ್‌ನಿಂದ ಪ್ರಾಮ್ಸ್ ಕಛೇರಿಗಳನ್ನು ನೇರ ಬಿಡುತ್ತದೆ. ಕ್ಲಾಸಿಕ್ ಎಫ್‌ಎಂ ಅದೇ ಸಿಂಫನಿಯಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ ಹಾಕಿ, ಈಗ ಹಾಯಾಗಿರಿ ಎಂದು ಹೇಳಿ, ಸೋಫಾದ ಜಾಹೀರಾತಿಗೆ ಹೋಗುತ್ತದೆ.

ರೇಡಿಯೊ 3ರವರ ಬಗ್ಗೆ ಇರುವ ದೂರು, ಅವರಿಗೆ ಯಾರಿಗೂ ಅರ್ಥವಾಗದ್ದೇ ಇಷ್ಟ ಅಂತ. ಪುರಾವೆಯೂ ಇದೆ ಅನ್ನಿ. ಅಮೆರಿಕದ ಜಾನ್ ಕೇಜ್ ಎಂಬಾತ ವಾದ್ಯಗಾರರು ನಾಲ್ಕು ನಿಮಿಷ ಮೂವತ್ಮೂರು ಸೆಕೆಂಡು ಏನೂ ಬಾರಿಸದೆ ಸುಮ್ಮನೆ ಕೂರುವ ಕೃತಿ ರಚಿಸಿದ್ದಾನಷ್ಟೆ. 2004ರಲ್ಲಿ ರೇಡಿಯೊ 3 ಅದನ್ನು ನೇರ ಪ್ರಸಾರ ಮಾಡಿತು. ಸ್ಟೇಷನ್ನಿನಲ್ಲಿ ಏನೋ ಕೆಟ್ಟು ಸದ್ದು ನಿಂತರೆ ತಾನಾಗಿ ಬೇರೆ ಸಂಗೀತ ಶುರುವಾಗುವ ಏರ್ಪಾಡು ಇರುತ್ತದಲ್ಲ, ಆ ರಾತ್ರಿ ಅದನ್ನು ಆರಿಸಿಟ್ಟಿದ್ದರು. ಇಲ್ಲದಿದ್ದರೆ ಯಂತ್ರ ಮೌನ ಸಹಿಸದೆ ಮಧ್ಯೆ ಬಾಯಿ ಹಾಕುತ್ತಿತ್ತು.

ಕ್ಲಾಸಿಕ್ ಎಫ್‌ಎಂ ಹುಟ್ಟಿದ ಕಥೆ ಅದರ ಕೇಳುಗರಷ್ಟೇ ಸೌಮ್ಯ. 1992ರ ಸೆಪ್ಟೆಂಬರಿನಲ್ಲಿ ಶುರುವಾಗುವ ಮುನ್ನ, ಟ್ರಾನ್ಸ್‌ಮಿಟರ್ ಪರೀಕ್ಷೆಗೆಂದು ಬರೀ ಹಕ್ಕಿಗಳ ಕೂಗನ್ನು ಬಿಟ್ಟಿದ್ದರು. ಜನ ಅದಕ್ಕೇ ಮನಸೋತು ಕೂತುಬಿಟ್ಟರು. ಸಂಗೀತ ಶುರುವಾದಾಗ ಹಕ್ಕಿಗಳೇ ಚೆನ್ನಾಗಿದ್ದವು ಅಂದವರೂ ಇದ್ದರು. ಈಗಲೂ ವರ್ಷಕ್ಕೊಮ್ಮೆ ಈಸ್ಟರ್ ಹೊತ್ತಿಗೆ ಕೇಳುಗರ ಮತ ಎಣಿಸಿದರೆ ಮತ್ತೆ ಮತ್ತೆ ಮೇಲೆ ಬರುವುದು ಬಾನಿಗೇರುವ ಹಕ್ಕಿಯ ಕುರಿತ ವಾನ್ ವಿಲಿಯಮ್ಸ್ ಕೃತಿ.

ಪಾಶ್ಚಾತ್ಯ ಸಂಗೀತ ಹೊಸದಾದರೆ ನಾಚಿಕೆ ಬಿಟ್ಟು ಕ್ಲಾಸಿಕ್ ಎಫ್‌ಎಂನಿಂದ ಶುರು ಮಾಡಿ. ನಾನೂ ಹಾಗೇ ಮಾಡಿದ್ದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೂ ಅದೇ ಹಾಡುತ್ತಿರುತ್ತದೆ ಅನ್ನುವುದೊಂದೇ ಅದರ ದೋಷ. ಚೈಕೋವ್ಸ್ಕಿ ಕೇಳಿದರೆ ನನಗಿನ್ನೂ ದವಡೆ ಜುಮ್ಮೆನ್ನುತ್ತದೆ.

ಹಾಡಿನ ಸ್ಟೇಷನ್ನುಗಳು

ರೇಡಿಯೊ 1ರ ವಿಷಯ ಬೇಗ ಮುಗಿಸುತ್ತೇನೆ. ಅದು ಹದಿನೈದರಿಂದ ಇಪ್ಪತ್ತೊಂಬತ್ತು ವಯಸ್ಸಿನವರಿಗೆ. ಮೂವತ್ತು ದಾಟಿದವರು ಹಚ್ಚಿದರೆ ಮನೆಯಲ್ಲಿ ಮಕ್ಕಳೇ ಮುಜುಗರಪಡುತ್ತಾರೆ.

ರೇಡಿಯೊ 2 ದೇಶದಲ್ಲೇ ಅತಿ ಹೆಚ್ಚು ಜನ ಕೇಳುವ ಸ್ಟೇಷನ್. ಹಾಗಾಗಿ ಅದರ ಕೇಳುಗನ ಚಿತ್ರ ಬಿಡಿಸುವುದೂ ಕಷ್ಟ, ಬೀಗರೂಟಕ್ಕೆ ಬಂದವರನ್ನೆಲ್ಲ ಒಂದೇ ಫೋಟೊದಲ್ಲಿ ಹಿಡಿದ ಹಾಗೆ. ಇಲ್ಲಿ ಬೆಳಗಿನ ರಾಜ ಆಗಿದ್ದವರು ಐರ್ಲೆಂಡಿನ ಟೆರಿ ವೋಗನ್. ಅವರ ಕೇಳುಗರು ತಮ್ಮ ಮೇಲೆ ತಾವೇ ಪಡಿಯಚ್ಚು ಹೊಡೆದುಕೊಂಡಿದ್ದರು: ‘ಟಾಗ್ಸ್’, ಅಂದರೆ ಟೆರಿಯ ಮುದಿಗೊಡ್ಡುಗಳು. ನಾನು ಟಾಗ್ ಎಂದು ಎದೆ ಉಬ್ಬಿಸಿ ಹೇಳುತ್ತಿದ್ದರು, ಬಿಬಿಸಿಗೆ ಚಿತ್ರವಿಚಿತ್ರ ಹೆಸರಿನಲ್ಲಿ ಪತ್ರ ಬರೆಯುತ್ತಿದ್ದರು. ವೋಗನ್ 2009ರಲ್ಲಿ ಆ ಕಾರ್ಯಕ್ರಮ ಬಿಟ್ಟರು, 2016ರಲ್ಲಿ ತೀರಿಕೊಂಡರು. ಆ ಮಂದಿ ಇನ್ನೂ ಅಲ್ಲಲ್ಲಿ ಸಿಗುತ್ತಾರೆ.

ಇತ್ತೀಚೆಗೆ ಈ ಮನೆಯಲ್ಲಿ ಒಂದು ಪಾಲುಪಟ್ಟಿಯೂ ಆಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಬೆಳಗಿನ ಹೊತ್ತು ನಡೆಸಿದ್ದ ಕೆನ್ ಬ್ರೂಸ್ 2023ರಲ್ಲಿ ಗ್ರೇಟೆಸ್ಟ್ ಹಿಟ್ಸ್ ರೇಡಿಯೊಗೆ ಹೊರಟರು. ಹೋಗುವಾಗ ಹತ್ತೂವರೆಗೆ ಬರುತ್ತಿದ್ದ ‘ಪಾಪ್‌ಮಾಸ್ಟರ್’ ಹಾಡಿನ ಕ್ವಿಜ್ಜನ್ನೂ ಹೆಗಲಿಗೇರಿಸಿಕೊಂಡು ಹೋದರು. ನನ್ನ ಆಫೀಸಿನಲ್ಲಿ ಹತ್ತೂವರೆಗೆ ಮೀಟಿಂಗ್ ಇಟ್ಟರೆ ಮೂವರು ಕ್ಯಾಮೆರಾ ಆರಿಸಿಕೊಂಡು ಕೂರುತ್ತಿದ್ದರು. ಅವರೂ ಬ್ರೂಸ್ ಹಿಂದೆಯೇ ಗುಳೆ ಹೋದರು. ರೇಡಿಯೊ 2 ನಮ್ಮನ್ನು ಬಿಟ್ಟು ಹುಡುಗರ ಹಿಂದೆ ಬಿದ್ದಿದೆ ಅಂತ ಮುನಿಸಿಕೊಂಡ ಹಿರಿಯರಿಗಾಗಿಯೇ 2021ರಲ್ಲಿ ಬೂಮ್ ರೇಡಿಯೊ ಎಂಬುದೂ ಹುಟ್ಟಿದೆ.

ಇನ್ನು 6 ಮ್ಯೂಸಿಕ್. ಈ ಕೇಳುಗನನ್ನು ಸೂಪರ್‌ಮಾರ್ಕೆಟ್ಟಿನಲ್ಲೇ ಗುರುತಿಸಬಹುದು. ನಲವತ್ತೆಂಟು ವಯಸ್ಸು, ನೆರೆತ ಗಡ್ಡ, ಯಾವುದೋ ಬ್ಯಾಂಡಿನ ಹಳೇ ಟೀಶರ್ಟ್, ಹೆಗಲ ಮೇಲೊಂದು ಮಗು, ಬುಟ್ಟಿಯಲ್ಲಿ ಗಜ್ಜರಿಗಿಂತ ದುಬಾರಿಯಾದ ಬಿಯರು. ‘ಸಿಕ್ಸ್ ಮ್ಯೂಸಿಕ್ ಅಪ್ಪ’ ಎನ್ನುವ ಅಡ್ಡಹೆಸರೇ ಇದೆ. ಆ ಬ್ಯಾಂಡನ್ನು ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ ನೋಡಿದ್ದೆ ಅಂತ ಐದು ನಿಮಿಷದೊಳಗೆ ಹೇಳದಿದ್ದರೆ ಆಸಾಮಿ ಬೇರೆ. 2002ರಲ್ಲಿ ಶುರುವಾದ ಈ ಡಿಜಿಟಲ್ ಸ್ಟೇಷನ್ನನ್ನು 2010ರಲ್ಲಿ ಮುಚ್ಚಲು ಬಿಬಿಸಿ ಹೊರಟಿತ್ತು. ಕೇಳುಗರು ಬೀದಿಗಿಳಿದರು, ಸಂಗೀತಗಾರರೂ ದನಿಗೂಡಿಸಿದರು. ಅದೇ ವರ್ಷ ಯೋಜನೆ ಬಿದ್ದುಹೋಯಿತು. ಯಾರಿಗೂ ಗೊತ್ತಿಲ್ಲದ ಸ್ಟೇಷನ್ ಅನ್ನುವ ಹೆಮ್ಮೆ ಈ ಗಲಾಟೆಯಲ್ಲಿ ಹೋಯಿತು, ಎಲ್ಲರಿಗೂ ಗೊತ್ತಾಯಿತು. ಪಾಪ, ಗೆದ್ದವರೇ ಸೋತ ಹಾಗೆ.

ಅಬ್ಸಲ್ಯೂಟ್ ರೇಡಿಯೊ ಬಗ್ಗೆ ನಮ್ಮವರಿಗೆ ಗೊತ್ತಿರದ ಒಂದು ನಂಟು ಇದೆ. ಅದು ಮೊದಲು ವರ್ಜಿನ್ ರೇಡಿಯೊ ಆಗಿತ್ತು. 2008ರಲ್ಲಿ ಕೊಂಡು ಹೆಸರು ಬದಲಿಸಿದವರು ಟೈಮ್ಸ್ ಆಫ್ ಇಂಡಿಯಾದವರು. ಅಂದರೆ ಬೆಂಗಳೂರಿನಲ್ಲಿ ನಮ್ಮಪ್ಪ ‘ವಿಜಯ ಕರ್ನಾಟಕ’ ಓದುತ್ತಿದ್ದ ಹೊತ್ತಿಗೆ, ಇಲ್ಲಿ ಗಾರೆ ಕೆಲಸದವರು ಅದೇ ಯಜಮಾನರ ರೇಡಿಯೊದಲ್ಲಿ ರಾಕ್ ಕೇಳುತ್ತಿದ್ದರು. 2013ರಲ್ಲಿ ಮಾರಿಬಿಟ್ಟರು. ಈಗ ಅದರಲ್ಲಿ ಎಂಬತ್ತರ ದಶಕಕ್ಕೊಂದು, ತೊಂಬತ್ತಕ್ಕೊಂದು ಎಂದು ದಶಕಕ್ಕೊಂದು ಸ್ಟೇಷನ್ ಇವೆ. ನೀವು ಕಾಲೇಜಿನಲ್ಲಿದ್ದ ದಶಕ ಯಾವುದೋ ಅದನ್ನು ಒತ್ತಿ.

ಹಾರ್ಟ್, ಕ್ಯಾಪಿಟಲ್, ಸ್ಮೂತ್, ಇವು ಸಲೂನಿನಲ್ಲಿ, ಆಫೀಸಿನ ರಿಸೆಪ್ಶನ್ನಿನಲ್ಲಿ ತಾವಾಗಿ ಕಿವಿಗೆ ಬೀಳುವಂಥವು. ಯಾರೂ ಬೇಕೆಂದು ಹಚ್ಚಿದ್ದಲ್ಲ, ಯಾರೂ ಆರಿಸಿಲ್ಲ ಅಷ್ಟೆ. ಕ್ಲಾಸಿಕ್ ಎಫ್‌ಎಂನವರು ಹಾರ್ಟ್‌ನವರನ್ನು ಕಂಡು ಮೂಗು ಮುರಿಯುತ್ತಾರೆ, ಎಲ್‌ಬಿಸಿಯವರು ಇಬ್ಬರನ್ನೂ. ತಮಾಷೆಯೆಂದರೆ ಇವೆಲ್ಲವೂ ಗ್ಲೋಬಲ್ ಎಂಬ ಒಂದೇ ಕಂಪನಿಯವು. ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಎಲ್ಲಕ್ಕೂ ಒಂದೇ ಕಟ್ಟಡ. ಒಂದೇ ಅಡುಗೆಮನೆಯಿಂದ ಐದು ಬೋರ್ಡಿನ ಹೋಟೆಲು.

ಆಟ ಕೇಳುವವರು

ಟಾಕ್‌ಸ್ಪೋರ್ಟ್ ಅಂದರೆ ಬಿಳಿ ವ್ಯಾನಿನ ಗಂಡಸು. ಡ್ಯಾಶ್‌ಬೋರ್ಡಿನ ಮೇಲೆ ‘ಸನ್’ ಪತ್ರಿಕೆ, ಬೇಕನ್ ಬನ್ನಿನ ಕಾಗದ, ಕಪ್ಪಿಟ್ಟ ಚಹಾ ಲೋಟ. ಜಾಹೀರಾತು ಬಂದರೂ ವ್ಯಾನಿನದು, ಡ್ರಿಲ್ಲಿನದು, ಬೆಟ್ಟಿಂಗಿನದು. ಬಿಬಿಸಿಯ 5 ಲೈವ್ ಅದಕ್ಕೆ ಸ್ವಲ್ಪ ಓದಿಕೊಂಡ ಅಣ್ಣ. 1994ರಲ್ಲಿ ಈ ರೂಪ ತಾಳಿದಾಗ ‘ರೇಡಿಯೊ ಬ್ಲೋಕ್’ ಅಂತ ಆಡಿಕೊಂಡಿದ್ದರು, ನಮ್ಮ ಮಾತಿನಲ್ಲಿ ‘ಗಂಡಸರ ಕಟ್ಟೆ’. ಶನಿವಾರ ಸಂಜೆ ಪಂದ್ಯ ಮುಗಿಸಿ ಮನೆಗೆ ಹೋಗುತ್ತಾ ಕಾರಿನಿಂದಲೇ ‘606’ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಮೂರು ಗೋಲು ಹೊಡೆದು ಗೆದ್ದ ತಂಡದ ಮ್ಯಾನೇಜರನ್ನೂ ಕಿತ್ತುಹಾಕಿ ಅನ್ನುವ ಜನ. ಆರ್‌ಸಿಬಿ ಅಭಿಮಾನಿಗಳಿಗೆ ಇಲ್ಲಿ ತವರಿಗೆ ಬಂದ ಹಾಗಿರುತ್ತದೆ.

ಕ್ರಿಕೆಟ್ಟಿನ ‘ಟೆಸ್ಟ್ ಮ್ಯಾಚ್ ಸ್ಪೆಷಲ್’ ಬೇರೆಯೇ ಲೋಕ. 1957ರಿಂದ ಇದೆ. ಕೇಳುಗರು ಕಾಮೆಂಟರಿಯವರಿಗೆ ಮನೆಯಲ್ಲಿ ಮಾಡಿದ ಕೇಕ್ ಕಳಿಸುತ್ತಾರೆ. 2001ರಲ್ಲಿ ಲಾರ್ಡ್ಸ್‌ನಲ್ಲಿ ರಾಣಿಯೇ ಒಂದು ಕೇಕ್ ಕೊಟ್ಟರು. ಹೆನ್ರಿ ಬ್ಲೋಫೆಲ್ಡ್ ಅವರಂತೂ ಮೈದಾನದ ಪಾರಿವಾಳ, ಹೊರಗೆ ಹೋಗುವ ಬಸ್ಸು ಎಲ್ಲದರ ಕಾಮೆಂಟರಿ ಹೇಳಿ, ನೆನಪಾದರೆ ಚೆಂಡಿನ ವಿಷಯಕ್ಕೆ ಬರುತ್ತಿದ್ದರು. 1991ರಲ್ಲಿ ಓವಲ್ಲಿನಲ್ಲಿ ಬೋಥಂ ಹಿಟ್ ವಿಕೆಟ್ ಆದದ್ದನ್ನು ವಿವರಿಸುತ್ತಾ ಜೊನಾಥನ್ ಆಗ್ನ್ಯೂ ಒಂದು ಎರಡರ್ಥದ ಮಾತಾಡಿಬಿಟ್ಟರು. ಪಕ್ಕದಲ್ಲಿದ್ದ ಬ್ರಯನ್ ಜಾನ್‌ಸ್ಟನ್ ನಗು ತಡೆಯಲಾರದೆ ಕೀಚಲು ದನಿಯಲ್ಲಿ ಒದ್ದಾಡಿದ್ದನ್ನು ಇಂದಿಗೂ ಹಾಕಿ ಕೇಳುತ್ತಾರೆ. ಇದೇ ಓವಲ್ಲಿನಲ್ಲಿ 1971ರಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದರು. ಈ ಪಂಗಡದ ಮುದುಕರ ಹತ್ತಿರ ಚಂದ್ರನ ಹೆಸರು ಎತ್ತಿ ನೋಡಿ. ಎದ್ದು ಹೋಗಿ ಚಹಾ ಮಾಡಿ ತರುತ್ತಾರೆ.

ನಮ್ಮ ಪಾಲಿಗೇನು?

ಬಿಬಿಸಿ ಏಷ್ಯನ್ ನೆಟ್‌ವರ್ಕ್ ಇದೆ. ಅದರ ಬೇರು ಎಪ್ಪತ್ತರ ದಶಕದಲ್ಲಿ ಲೆಸ್ಟರ್ ಊರಿನ ಬಿಬಿಸಿ ಸ್ಟೇಷನ್ನಿನಲ್ಲಿದ್ದ ಒಂದು ಸಂಜೆಯ ಕಾರ್ಯಕ್ರಮ. ಪಶ್ಚಿಮ ಲಂಡನ್ನಿನ ಸನ್‌ರೈಸ್ ರೇಡಿಯೊ 1989ರದ್ದು. ಎರಡರಲ್ಲೂ ಸಿಗುವ ‘ಏಷ್ಯನ್’ ಬಹುಮಟ್ಟಿಗೆ ವಿಂಧ್ಯದ ಆಚೆಯವನು. ಬಾಲಿವುಡ್, ಭಾಂಗ್ರಾ, ಮಿಠಾಯಿ ಅಂಗಡಿಯ ಜಾಹೀರಾತು. ಬಿಬಿಸಿ 2017ರಲ್ಲಿ ಹೊಸ ಭಾರತೀಯ ಭಾಷೆಗಳಲ್ಲಿ ಸುದ್ದಿ ಶುರು ಮಾಡಿದಾಗ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಬಂದವು. ಕನ್ನಡ ಬರಲಿಲ್ಲ. ಆಕಾಶವಾಣಿ ಎಂಬ ಹೆಸರನ್ನು ದೇಶಕ್ಕೆ ಕೊಟ್ಟ ಊರಿನವರು ನಾವು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಕೇಂದ್ರ ತೆರೆದಿದ್ದರು. ಕೇಳುಗರ ಮನಸ್ಸು ಓದಲು ಅವರಿಗಿಂತ ಯೋಗ್ಯರು ಯಾರು?

ಸರಿ, ಯಾವುದು ಹಚ್ಚಲಿ ಅಂತೀರಾ. ನನ್ನ ಮನೆಯ ಪದ್ಧತಿ ಹೇಳುತ್ತೇನೆ. ಬೆಳಿಗ್ಗೆ ದೋಸೆ ಹೊಯ್ಯುವಾಗ ರೇಡಿಯೊ 4, ಮಂತ್ರಿಯ ಮೇಲಿನ ಸಿಟ್ಟು ಕಾವಲಿಗೆ ತಟ್ಟಿದರೆ ದೋಸೆ ಗರಿಯಾಗುತ್ತದೆ. ಎಂ25 ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಿದ್ದರೆ ರೇಡಿಯೊ 2. ಮಗಳಿಗೆ ಪಿಯಾನೊ ಪರೀಕ್ಷೆ ಇರುವ ವಾರ ಕ್ಲಾಸಿಕ್ ಎಫ್‌ಎಂ. ಪ್ಲಂಬರ್ ಬರುವ ದಿನ ನಾನೇನೂ ಹಚ್ಚುವುದಿಲ್ಲ, ಬಿದ್ದರೂ ಒಡೆಯದ ತಮ್ಮದೇ ಹಳದಿ ರೇಡಿಯೊ ಅವರು ತಂದಿರುತ್ತಾರೆ.

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ, ನಿದ್ದೆಯ ಹೊತ್ತು ಇನ್ನೂ ಹೊಂದಿಕೊಳ್ಳದೆ ನಡುರಾತ್ರಿ ಎದ್ದು ಕೂತಿರುತ್ತಾರಲ್ಲ, ಆಗ ಒಂದಕ್ಕೆ ಹನ್ನೆರಡು ನಿಮಿಷ ಇರುವಾಗ ರೇಡಿಯೊ 4 ಹಚ್ಚಿ. ಹಡಗಿನವರಿಗಾಗಿ ಹವಾಮಾನ ಓದುತ್ತಾರೆ. ಬ್ರಿಟನ್ನಿನ ಸುತ್ತಲ ಸಮುದ್ರವನ್ನು 31 ಭಾಗ ಮಾಡಿ ಒಂದೊಂದರ ಗಾಳಿ ಮಳೆ ಹೇಳುವುದು: ವೈಕಿಂಗ್, ನಾರ್ತ್ ಉಟ್ಸೈರ್, ಸೌತ್ ಉಟ್ಸೈರ್, ಫಾರ್ಟೀಸ್, ಕ್ರೊಮಾರ್ಟಿ, ಫೋರ್ತ್, ಟೈನ್, ಡಾಗರ್. ದೋಣಿಯ ಮುಖವನ್ನೇ ನೋಡದ ಲಕ್ಷಾಂತರ ಜನ ಹಾಸಿಗೆಯಲ್ಲಿ ಮಲಗಿ ಇದನ್ನು ಕೇಳುತ್ತಾರೆ. ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮೊದಲ ರಾತ್ರಿ ಪೂರ್ತಿ ಕೇಳಿ, “ಇವರಲ್ಲೂ ಸಹಸ್ರನಾಮ ಇದೆಯಲ್ಲೋ” ಅಂದಳು. ಮರುದಿನದಿಂದ ಆ ಹೊತ್ತಿಗೆ ಮಾತಾಡಿದರೆ ಬೈಯುತ್ತಿದ್ದಳು. ರೇಡಿಯೊ 4ರ ಕೇಳುಗಳಾಗಲು ಅವಳಿಗೆ ಒಂದೇ ರಾತ್ರಿ ಸಾಕಾಯಿತು.

ಕಾರಿನ ವಿಷಯಕ್ಕೆ ಬರುತ್ತೇನೆ. ಕಳೆದ ಎಂಒಟಿಗೆ ಬಿಡುವಾಗ ಬೇಕೆಂದೇ ರೇಡಿಯೊ 3 ಹಾಕಿಟ್ಟೆ. ಈ ಸಲ ನನ್ನನ್ನು ಏನೆಂದುಕೊಳ್ಳುತ್ತಾನೋ ನೋಡೋಣ ಅಂತ. ಯಾರೋ ಒಬ್ಬಳು ಜರ್ಮನ್ ಭಾಷೆಯಲ್ಲಿ ಒಂದೇ ಸ್ವರ ಎಳೆಯುತ್ತಿದ್ದಳು. ಸಂಜೆ ಹೋಗಿ ಕೂತೆ. ಸೀಟು ಅರ್ಧ ಅಡಿ ಹಿಂದೆ. ಕೀಲಿ ತಿರುಗಿಸಿದೆ. ರೇಡಿಯೊ 3 ಇದ್ದಲ್ಲೇ ಇತ್ತು, ವಾಲ್ಯೂಮ್ ಮಾತ್ರ ಎರಡು ಪಟ್ಟು. ಕಿಟಕಿಯಾಚೆ ಅವನು ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.